'ಸತ್ತು ಹುಟ್ಟಿತು' ಎಂಬ ಮಾತು

ನಮ್ಮ ಅಜ್ಜಿಯರ ಕಾಲಕ್ಕೆ ಕೂಡ್ಲಿಗಿ, ಕೊಟ್ಟೂರು, ಹಡಗಲಿ ಸೀಮೆಯಲ್ಲಿ ಹೆರಿಗೆಯೆಂದರೆ ಸೂಲಗಿತ್ತಿಯ ಕೆಲಸ. ಕೂಸು ಅಳದಿದ್ದರೆ ಬೆನ್ನು ತಿಕ್ಕುವುದು, ತಣ್ಣೀರು ಚಿಮುಕಿಸುವುದು, ತಲೆಕೆಳಗು ಹಿಡಿದು ತಟ್ಟುವುದು. ಆದರೂ ಅಳದಿದ್ದರೆ 'ಸತ್ತು ಹುಟ್ಟಿತು' ಎಂದು ಬಟ್ಟೆ ಮುಚ್ಚುತ್ತಿದ್ದರು. ಸೂಲಗಿತ್ತಿಯರನ್ನು ಹಳಿಯಲು ಇದನ್ನು ಬರೆಯುತ್ತಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ಸುಮ್ಮನೆ ಅಲ್ಲ. ಹಳ್ಳಿಮನೆಯಲ್ಲಿ ಇರದಿದ್ದದ್ದು ಉಸಿರು ತುಂಬುವ ಚೀಲ ಮತ್ತು ಮಾಸ್ಕ್.

2005ರಲ್ಲಿ ಜನನಿ ಸುರಕ್ಷಾ ಯೋಜನೆ, 2008ರ ನವೆಂಬರ್‌ನಲ್ಲಿ 108 ಆಂಬುಲೆನ್ಸ್ ಬಂದವು. ಹೆರಿಗೆ ಆಸ್ಪತ್ರೆಗೆ ಹೋಯಿತು. ಆದರೆ ಕಟ್ಟಡ ಕೂಸಿಗೆ ಉಸಿರು ಕೊಡುವುದಿಲ್ಲ, ಕೈ ಪಳಗಿದ ನರ್ಸ್ ಬೇಕು. ಕೇಂದ್ರ ಸರ್ಕಾರ 2009ರಲ್ಲಿ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದಡಿ ತರಬೇತಿ ಆರಂಭಿಸಿತು. ಕಲಿಸುವುದು ಇಷ್ಟೇ: ಕೂಸನ್ನು ಒರೆಸಿ ಬೆಚ್ಚಗಿಡಿ, ಬೆನ್ನು ತಿಕ್ಕಿ. ಉಸಿರಾಡದಿದ್ದರೆ ಕುತ್ತಿಗೆ ತುಸು ನೇರಮಾಡಿ, ಮೂಗು ಬಾಯಿ ಮುಚ್ಚುವಂತೆ ಮಾಸ್ಕ್ ಇಟ್ಟು, ಹುಟ್ಟಿದ ಒಂದು ನಿಮಿಷದೊಳಗೆ ಚೀಲ ಒತ್ತಲು ಶುರುಮಾಡಿ. ನಿಮಿಷಕ್ಕೆ ಸುಮಾರು 40 ಸಲ. ಕರೆಂಟ್ ಹೋದರೂ ನಡೆಯುವ ಕೆಲಸ.

ಇದರಿಂದ ಆದದ್ದೇನು? ನಮ್ಮ ರಾಜ್ಯದಲ್ಲೇ ಅದರ ಲೆಕ್ಕ ಇಟ್ಟವರು ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು. ಇಂಥದೇ ತರಬೇತಿಯನ್ನು ಹೆರಿಗೆ ಮಾಡಿಸುವ 599 ಮಂದಿಗೆ ಬೊಂಬೆಯ ಮೇಲೆ ಅಭ್ಯಾಸ ಮಾಡಿಸಿ ಕೊಟ್ಟರು. 2013ರಲ್ಲಿ ಪ್ರಕಟವಾದ ಅವರ ವರದಿಯಂತೆ, ಸತ್ತು ಹುಟ್ಟಿದವು ಎಂದು ದಾಖಲಾಗುವ ಕೂಸುಗಳು ನೂರಕ್ಕೆ 3ರಿಂದ 2.3ಕ್ಕೆ ಇಳಿದವು. ಹುಟ್ಟಿದ ಮೇಲೆ ಸಾಯುವವು ಮಾತ್ರ ಮೊದಲಿನಂತೆ 1.8. ಡೇಟಾ ನೋಡುವುದೇ ಕಸುಬಾದ ನನಗೆ ಈ ಎರಡನೆಯ ಅಂಕಿಯೇ ದೊಡ್ಡದು. ಉಸಿರು ಪಡೆದ ಕೂಸುಗಳು ಆಮೇಲೆ ಸತ್ತಿದ್ದರೆ ಅದು ಏರಬೇಕಿತ್ತು, ಏರಲಿಲ್ಲ. ಅಂದರೆ 'ಸತ್ತು ಹುಟ್ಟಿತು' ಎಂಬ ಕಾಲಂನಲ್ಲಿ ಬದುಕಬಲ್ಲ ಕೂಸುಗಳೂ ಇದ್ದವು.

ನಮ್ಮ ಕಡೆಗೆ ಬಂದರೆ, 2012-13ರಲ್ಲಿ 'ಸುಕ್ಷೇಮ' ಯೋಜನೆ ಬಳ್ಳಾರಿ ಮತ್ತು ಗುಲ್ಬರ್ಗ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಆರಿಸಿ, ಅರ್ಧಕ್ಕೆ ಮಾರ್ಗದರ್ಶಕ ನರ್ಸ್‌ಗಳನ್ನು ಕಳಿಸಿತು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಆಗ ಬಳ್ಳಾರಿ ಜಿಲ್ಲೆಯವು. ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿನೊಳಗೇ ಇತ್ತು. ಹರಪನಹಳ್ಳಿ ದಾವಣಗೆರೆಗೆ ಸೇರಿದ್ದರಿಂದ ಹೊರಗುಳಿಯಿತು. ಜಿಲ್ಲೆಯ ಗೆರೆ ಎಲ್ಲೆಲ್ಲಿ ತಾಗುತ್ತದೆ ನೋಡಿ! ಮಾರ್ಗದರ್ಶಕರು ಹೋದ ಕೇಂದ್ರಗಳಲ್ಲಿ ಸಿಬ್ಬಂದಿಯ ತಿಳಿವಳಿಕೆಯೂ ಸಲಕರಣೆಯ ಸಿದ್ಧತೆಯೂ ಉಳಿದವುಗಳಿಗಿಂತ ಮೇಲಾಗಿದ್ದವು. ಬೊಂಬೆಯ ಮೇಲೆ ಕಲಿತ ಕೈ ಅಭ್ಯಾಸ ತಪ್ಪಿದರೆ ಕೆಲವೇ ತಿಂಗಳಲ್ಲಿ ಮರೆಯುತ್ತದೆ. ಅದಕ್ಕೇ ಅವರು ನರ್ಸ್‌ಗಳನ್ನು ಬಳ್ಳಾರಿಗೆ ಕರೆಸುವ ಬದಲು ಅವರಿದ್ದ ಹೆರಿಗೆ ಕೋಣೆಗೇ ಮತ್ತೆ ಮತ್ತೆ ಹೋಗುತ್ತಿದ್ದರು.