ನೆಟ್‌ವರ್ಕ್ ನೇಮ್‌ಸ್ಪೇಸ್

ಲಿನಕ್ಸ್ ಕರ್ನಲ್‌ನ ಒಂದು ಸೌಲಭ್ಯ. ತಮ್ಮವೇ ಆದ ಇಂಟರ್‌ಫೇಸ್, ಐಪಿ ವಿಳಾಸ, ರೂಟಿಂಗ್ ಟೇಬಲ್ ಹಾಗೂ ಫೈರ್‌ವಾಲ್ ನಿಯಮಗಳಿರುವ ಹಲವು ಜಾಲಗಳನ್ನು ಒಂದೇ ಕಂಪ್ಯೂಟರಿನೊಳಗೆ ಇದರಿಂದ ಕಟ್ಟಬಹುದು. 2008ರಲ್ಲಿ ಬಂದ 2.6.24 ಆವೃತ್ತಿಯಲ್ಲಿ ಮೊದಲು ಸೇರಿ, ಮುಂದಿನ ಆವೃತ್ತಿಗಳಲ್ಲಿ ಬಲಗೊಂಡಿತು.

ಇದರ ಅಗತ್ಯ ತಿಳಿಯುವುದು ಪರೀಕ್ಷೆಗೆ ಇಳಿದಾಗ. ಒಂದು ಯಂತ್ರದಲ್ಲಿ ಎರಡು ಈಥರ್ನೆಟ್ ಕಾರ್ಡ್‌ಗಳಿದ್ದು, ಅವುಗಳ ನಡುವೆ ಕೇಬಲ್ ಹಾಕಿದೆ ಎನ್ನೋಣ. ಎರಡನೆಯ ಕಾರ್ಡಿನ ವಿಳಾಸಕ್ಕೆ ಪಿಂಗ್ ಮಾಡಿದರೆ ಉತ್ತರ ಬರುತ್ತದೆ. ಕೇಬಲ್ ಕಿತ್ತರೂ ಬರುತ್ತದೆ. ಎರಡೂ ವಿಳಾಸಗಳು ತನ್ನವೇ ಆದ್ದರಿಂದ ಕರ್ನಲ್ ಪ್ಯಾಕೆಟ್ಟನ್ನು ಹೊರಗೆ ಬಿಡದೆ, ಲೂಪ್‌ಬ್ಯಾಕ್ ಇಂಟರ್‌ಫೇಸ್ ಮೂಲಕ ಒಳಗೊಳಗೇ ತಲುಪಿಸುತ್ತದೆ. ಇಂಥ ಪರೀಕ್ಷೆಯನ್ನು ನಂಬಲೇಬಾರದು. ಒಂದು ಕಾರ್ಡನ್ನು ಬೇರೆ ನೇಮ್‌ಸ್ಪೇಸ್‌ಗೆ ಸರಿಸಿ ಅಲ್ಲೇ ಅದಕ್ಕೆ ವಿಳಾಸ ಕೊಟ್ಟರೆ, ಪ್ಯಾಕೆಟ್ ಕೇಬಲ್ ದಾಟಿಯೇ ಹೋಗಬೇಕಾಗುತ್ತದೆ.

ಕಾರ್ಡ್‌ಗಳೇ ಇಲ್ಲದಿದ್ದರೆ ವೀಥ್ (ವರ್ಚುವಲ್ ಈಥರ್ನೆಟ್) ಜೋಡಿ ಸಾಕು: ಒಂದು ತುದಿಗೆ ಕೊಟ್ಟದ್ದು ಇನ್ನೊಂದು ತುದಿಯಲ್ಲಿ ಹೊರಬರುತ್ತದೆ. ಮೂರು ನೇಮ್‌ಸ್ಪೇಸ್‌ಗಳನ್ನು ಹೀಗೆ ಸಾಲಾಗಿ ಜೋಡಿಸಿ, ನಡುವಿನದರಲ್ಲಿ ಐಪಿ ಫಾರ್ವರ್ಡಿಂಗ್ ಚಾಲೂ ಮಾಡಿದರೆ ಅದು ರೂಟರ್ ಆಗುತ್ತದೆ. ಎರಡೂ ತುದಿಗಳಿಗೆ ಪರಸ್ಪರ ದಾರಿ ತಿಳಿದಿರಬೇಕು. ಪ್ಯಾಕೆಟ್ ತಲುಪಿಯೂ ಉತ್ತರ ಬಾರದಿದ್ದರೆ ಮೊದಲು ನೋಡಬೇಕಾದ್ದು ಮರಳುವ ದಾರಿಯನ್ನು. ಹೊಸ ನೇಮ್‌ಸ್ಪೇಸ್‌ನಲ್ಲಿ ಲೂಪ್‌ಬ್ಯಾಕ್ ಕೂಡ ಆರಂಭದಲ್ಲಿ ಬಂದ್ ಆಗಿರುತ್ತದೆ ಎಂಬುದನ್ನು ಹೊಸಬರು ಗಮನಿಸಬೇಕು. ನೆಟೆಮ್ ಸಾಧನ ಬಳಸಿ ವಿಳಂಬವನ್ನೂ ಪ್ಯಾಕೆಟ್ ನಷ್ಟವನ್ನೂ ಬೇಕೆಂದೇ ಉಂಟುಮಾಡಬಹುದು.

ಎಲ್ಲ ನೇಮ್‌ಸ್ಪೇಸ್‌ಗಳೂ ಒಂದೇ ಪ್ರೊಸೆಸರ್ ಹಂಚಿಕೊಳ್ಳುವುದರಿಂದ ಇಲ್ಲಿ ಅಳೆದ ವೇಗ ನಿಜವಾದ ಜಾಲದ ವೇಗವಲ್ಲ. ರೂಟಿಂಗ್ ಕಲಿಯಲು ಮಾತ್ರ ಇದಕ್ಕಿಂತ ಅಗ್ಗದ ಪ್ರಯೋಗಶಾಲೆ ಸಿಗುವುದು ಕಷ್ಟ. ಸ್ಟ್ಯಾನ್‌ಫರ್ಡ್‌ನಲ್ಲಿ ರೂಪುಗೊಂಡ ಜಾಲ ಅನುಕರಣೆಯ ತಂತ್ರಾಂಶ ಮಿನಿನೆಟ್ ಮತ್ತು ಡಾಕರ್ ಕಂಟೇನರ್‌ಗಳ ಜಾಲವ್ಯವಸ್ಥೆ ಎರಡೂ ಈ ಸೌಲಭ್ಯದ ಮೇಲೆ ನಿಂತಿವೆ.