ಅಡುಗೆಮನೆಯ ಆಚೆ: ಕನ್ನಡ ಕಾದಂಬರಿಯಲ್ಲಿ ತಾಯಿಯಿಲ್ಲದ ಹುಡುಗಿ

ತಾಯಿಯಿಲ್ಲದ ಹುಡುಗಿಯೊಬ್ಬಳು ವರ್ಣಭೇದದ ನಡುವೆ ಬೆಳೆಯುತ್ತ, ತನ್ನ ಕುಲದವರಲ್ಲದವರ ಮನೆಯಲ್ಲಿ ತನ್ನವರನ್ನು ಕಂಡುಕೊಳ್ಳುವ ಕಥೆ ಅಮೆರಿಕದ ದಕ್ಷಿಣ ರಾಜ್ಯಗಳ ಕಾದಂಬರಿಗೆ ಒಗ್ಗಿಹೋದದ್ದು. 1960ರಲ್ಲಿ ಪ್ರಕಟವಾದ ಹಾರ್ಪರ್ ಲೀಯ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ನಲ್ಲಿ ಸ್ಕೌಟ್ ಎಂಬ ಬಿಳಿಯ ಹುಡುಗಿಗೆ ಎರಡು ವರ್ಷವಾಗಿದ್ದಾಗಲೇ ತಾಯಿ ತೀರಿಕೊಂಡಿರುತ್ತಾಳೆ. ಅವಳಿಗೆ ಉಣಿಸಿ, ಗದರಿಸಿ, ಅಕ್ಷರ ತಿದ್ದಿಸಿ ಬೆಳೆಸುವವಳು ಅಡುಗೆಯ ಕಪ್ಪು ಹೆಂಗಸು ಕ್ಯಾಲ್ಪೂರ್ನಿಯಾ. ಸುಮಾರು ನಲವತ್ತು ವರ್ಷಗಳ ಅನಂತರ ಸೂ ಮಾಂಕ್ ಕಿಡ್ ಬರೆದ ‘ದಿ ಸೀಕ್ರೆಟ್ ಲೈಫ್ ಆಫ್ ಬೀಸ್’ನ ಹದಿನಾಲ್ಕರ ಲಿಲಿ, 1964ರ ದಕ್ಷಿಣ ಕೆರೊಲಿನಾದಲ್ಲಿ, ಜೇನು ಸಾಕುವ ಮೂವರು ಕಪ್ಪು ಅಕ್ಕತಂಗಿಯರ ಮನೆ ಸೇರುತ್ತಾಳೆ. ಇಂಥ ಕಥೆಯನ್ನು ಕನ್ನಡದಲ್ಲಿ ಹುಡುಕಿದರೆ ತಾಯಿಯಿಲ್ಲದ ಹುಡುಗಿಯರು ಸಿಗುತ್ತಾರೆ, ಜಾತಿಯ ಕ್ರೌರ್ಯ ಬೇಕಾದಷ್ಟು ಸಿಗುತ್ತದೆ, ಎರಡನ್ನೂ ಒಳಗೊಳ್ಳುವ ಆ ಮನೆ ಮಾತ್ರ ಸಿಗುವುದಿಲ್ಲ. ಇದನ್ನು ನಮ್ಮ ಕಾದಂಬರಿಕಾರರ ಕಲ್ಪನೆಯ ಬಡತನವೆಂದು ತಿಳಿಯುವುದು ಸುಲಭ. ನಮ್ಮ ಮನೆಗಳು ಕಟ್ಟಲ್ಪಟ್ಟ ಬಗೆಯನ್ನು ಅವರು ಸರಿಯಾಗಿ ಗುರುತಿಸಿದ್ದರಿಂದಲೇ ಆ ಮನೆಯನ್ನು ಬರೆಯಲಿಲ್ಲ ಎಂಬುದು ನನ್ನ ವಾದ.

ಅಮೆರಿಕದ ಕಥೆ ನಿಂತಿರುವುದು ಅಡುಗೆಮನೆಯ ಮೇಲೆ. ಅಲ್ಲಿನ ವರ್ಣಭೇದ ಶಾಲೆಯನ್ನು, ಬಸ್ಸಿನ ಆಸನವನ್ನು, ಕುಡಿಯುವ ನೀರಿನ ನಲ್ಲಿಯನ್ನು, ಮತಪೆಟ್ಟಿಗೆಯನ್ನು ಬೇರ್ಪಡಿಸಿತು. ಆದರೆ ಕಪ್ಪು ಹೆಂಗಸಿನ ಕೈಯ ಅಡುಗೆಯನ್ನು ಬಿಳಿಯ ಯಜಮಾನ ಉಂಡ, ಅವಳ ಮಡಿಲಲ್ಲಿ ತನ್ನ ಕೂಸನ್ನು ಮಲಗಿಸಿದ. ಸೇವೆಯ ರೂಪದಲ್ಲಿ ಇರುವಷ್ಟು ಕಾಲ ಸ್ಪರ್ಶಕ್ಕೆ ಅಡ್ಡಿಯಿರಲಿಲ್ಲ. ಅದರಿಂದಾಗಿಯೇ ತಬ್ಬಲಿ ಮಗುವಿನ ಪ್ರೀತಿ ಬಣ್ಣದ ಗೆರೆಯನ್ನು ದಾಟಲು ಮನೆಯೊಳಗೇ ಒಂದು ಬಾಗಿಲಿತ್ತು. ಜಾತಿಯ ಲೆಕ್ಕ ಬೇರೆ. ಅದು ಮೊದಲು ಕಾವಲು ಕೂರುವುದೇ ಅನ್ನ ಮತ್ತು ನೀರಿನ ಮೇಲೆ. 1927ರಲ್ಲಿ ಅಂಬೇಡ್ಕರ್ ಮಹಾಡದಲ್ಲಿ ಸತ್ಯಾಗ್ರಹಕ್ಕೆ ಆರಿಸಿಕೊಂಡದ್ದು ಒಂದು ಕೆರೆಯ ನೀರನ್ನು ಎಂಬುದು ಆಕಸ್ಮಿಕವಲ್ಲ. ಹೊಲದಲ್ಲಿ ಬೆವರು ಸುರಿಸುವ ಹೆಂಗಸು ಅಂಗಳದ ಆಚೆ ನಿಲ್ಲಬೇಕಾದ ಊರಿನಲ್ಲಿ ಕ್ಯಾಲ್ಪೂರ್ನಿಯಾ ಹುಟ್ಟುವುದಕ್ಕೇ ಜಾಗವಿಲ್ಲ.

ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಎಣಿಸಲಾಗುವ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಈ ಮಾತಿಗೆ ಮೊದಲ ಸಾಕ್ಷಿ. ಅದರ ನಾಯಕಿ ತಾಯಿಯಿಲ್ಲದವಳಲ್ಲ. ತಾಯಿ ಅಂಬಾಬಾಯಿ ಬದುಕಿದ್ದಾಳೆ, ಆದರೆ ವಿಧವೆಯಾದ ಮಗಳನ್ನು ಕಾಯುವ ತಾಯಿಯಾಗಿ ಅಲ್ಲ. ತಾಯಿ ಇದ್ದೂ ಇಲ್ಲದ ಈ ಹುಡುಗಿ ಮನೆ ಬಿಟ್ಟು ಓಡಿ ಸುಧಾರಕ ಅಮೃತರಾಯರ ಮನೆ ಸೇರುತ್ತಾಳೆ, ಓದುತ್ತಾಳೆ, ಅದೇ ಆಸರೆಯಲ್ಲಿ ಬೆಳೆದ ಭಾಸ್ಕರನನ್ನು ಮದುವೆಯಾಗುತ್ತಾಳೆ. ರಕ್ತಸಂಬಂಧ ಸೋತಲ್ಲಿ ಆಯ್ದುಕೊಂಡ ಕುಟುಂಬ ಗೆಲ್ಲುವ ಕಥೆ ಕನ್ನಡದಲ್ಲಿ ಹೀಗೆ ಕಾದಂಬರಿಯ ಹುಟ್ಟಿನೊಡನೆಯೇ ಬಂತು. ಆದರೆ ಅಮೃತರಾಯರ ಮನೆಯ ಬಾಗಿಲು ತೆರೆಯುವುದು ಸ್ವಜಾತಿಯ ಮಕ್ಕಳಿಗೆ. ವೆಂಕಟರಾಯರು ಬರೆಯುತ್ತಿದ್ದ ಕಾಲದಲ್ಲೇ, ಅದೇ ಮಂಗಳೂರಿನಲ್ಲಿ, ಅದೇ ಸಾರಸ್ವತ ಸಮುದಾಯದ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ್ದರು. ಅಂಥ ಶಾಲೆ ಊರಿನಲ್ಲಿತ್ತು. ಅಲ್ಲಿನ ಹೆಣ್ಣುಮಗುವೊಂದು ಅಮೃತರಾಯರ ಪಡಸಾಲೆಯಲ್ಲಿ ಊಟಕ್ಕೆ ಕೂರುವ ದೃಶ್ಯ ಮಾತ್ರ ಕಾದಂಬರಿಯ ಊಹೆಗೂ ಬರಲಿಲ್ಲ. ಸುಧಾರಣೆ ಮೊದಲು ಶಾಲೆಯ ಮಟ್ಟದಲ್ಲಿ ನಡೆಯಿತು, ಮನೆಯ ಮಟ್ಟಕ್ಕೆ ಇಳಿಯಲಿಲ್ಲ.

ಮೂವತ್ತನಾಲ್ಕು ವರ್ಷಗಳ ಅನಂತರ ಬಂದ ಶಿವರಾಮ ಕಾರಂತರ ‘ಚೋಮನ ದುಡಿ’ (1933) ಈ ಮನೆಯನ್ನು ಹೊರಗಿನಿಂದ ತೋರಿಸುತ್ತದೆ. ಬೇಸಾಯಗಾರನಾಗುವ ಚೋಮನ ಆಸೆಯೇ ಅದರ ಕೇಂದ್ರ ಎಂದು ವಿಮರ್ಶೆ ಸಾಮಾನ್ಯವಾಗಿ ಓದಿದೆ. ಆ ಆಸೆಯ ಬದಿಯಲ್ಲಿ ಇನ್ನೊಂದು ಕಥೆಯಿದೆ: ಬೆಳ್ಳಿಯದು. ತಾಯಿ ಸತ್ತ ಆ ಗುಡಿಸಲಲ್ಲಿ ಅವಳು ಮಗಳಾಗಿ ಇರುವುದಕ್ಕೆ ಬಿಡುವೇ ಇಲ್ಲ. ಕುಡಿದು ಬರುವ ಅಪ್ಪನಿಗೂ ಚಿಕ್ಕ ತಮ್ಮಂದಿರಿಗೂ ಅವಳೇ ತಾಯಿ. ಅಮೆರಿಕದ ಕಥೆಯ ಹುಡುಗಿಗೆ ಮನೆಯ ಹೊರಗೆ ತಾಯಂದಿರು ಸಿಕ್ಕಿದರೆ, ಇಲ್ಲಿ ಹುಡುಗಿಯೇ ಇತರರ ತಾಯಿಯಾಗಿ ತನ್ನ ಬೆಳವಣಿಗೆಯನ್ನು ಕಳೆದುಕೊಳ್ಳುತ್ತಾಳೆ. ಅವಳ ಮುಂದೆ ತೆರೆಯುವ ಹೊರಗಿನ ಬಾಗಿಲು ಒಂದೇ, ಘಟ್ಟದ ಮೇಲಿನ ಕಾಫಿ ತೋಟ. ಅಲ್ಲಿ ಅಪ್ಪನ ಸಾಲ ತೀರುವುದು ಅವಳ ಕೂಲಿಯಿಂದಲ್ಲ, ಅವಳ ಮೈಯಿಂದ. ಅಣ್ಣ ಗುರುವ ಅದೇ ತೋಟದಲ್ಲಿ ಕ್ರೈಸ್ತ ಹುಡುಗಿಯನ್ನು ಮೆಚ್ಚಿ ಮತಾಂತರಗೊಂಡು ಹೊಸ ಮನೆ ಕಟ್ಟಿಕೊಳ್ಳುತ್ತಾನೆ. ಹೊಸ ಕುಟುಂಬವೆಂಬುದು ಈ ಕಾದಂಬರಿಯಲ್ಲಿ ಇದ್ದೇ ಇದೆ, ಆದರೆ ಅದು ಗಂಡುಮಗನ ಪಾಲಿಗೆ. ಮನೆ ನೋಡಿಕೊಳ್ಳಬೇಕಾದ ಹೆಣ್ಣು ಆ ದಾರಿಯನ್ನು ಹಿಡಿಯಲಾರಳು. ಇನ್ನು ತಮ್ಮ ನೀಲ ನೀರಿನಲ್ಲಿ ಮುಳುಗುವಾಗ ಇಳಿಯಲು ಹೊರಟ ಬ್ರಾಹ್ಮಣ ತರುಣನನ್ನು ಸುತ್ತಲಿನವರು ತಡೆಯುವ ಪ್ರಸಂಗ ನೋಡಿ. ಕೈ ಚಾಚಲು ಮನಸ್ಸಿದ್ದ ಒಬ್ಬ ಅಲ್ಲಿದ್ದ. ಮುಟ್ಟಬಾರದೆಂಬ ನಿಯಮ ಅವನಿಗಿಂತ ಗಟ್ಟಿಯಾಗಿತ್ತು. ವ್ಯಕ್ತಿಯ ಕರುಣೆಯೊಂದರಿಂದಲೇ ಕುಟುಂಬ ಹುಟ್ಟೀತೆಂಬ ನಂಬಿಕೆಗೆ ಕಾರಂತರು ಕೊಟ್ಟ ಉತ್ತರ ಇದಕ್ಕಿಂತ ಸ್ಪಷ್ಟವಾಗಿರಲು ಸಾಧ್ಯವಿರಲಿಲ್ಲ.

ಬೆಳ್ಳಿ ಅಪ್ರಧಾನ ಪಾತ್ರ, ಅವಳ ಮೇಲೆ ಇಷ್ಟು ಭಾರ ಹೊರಿಸುವುದು ಸಲ್ಲದು ಎಂದು ಯಾರಾದರೂ ಆಕ್ಷೇಪಿಸಬಹುದು. ಪುಸ್ತಕದ ಹೆಸರೇ ಅಪ್ಪನದು ಎಂಬುದೂ ನಿಜ. ಆದರೆ ನನ್ನ ಪ್ರಶ್ನೆ ಹುಟ್ಟುವುದೇ ಅಲ್ಲಿಂದ. ಬೆಳೆದು ದೊಡ್ಡವರಾಗುವ ಕಥೆಗೆ ಒಂದಿಷ್ಟು ಕಾಲ ಬೇಕು, ತಪ್ಪು ಮಾಡಿ ತಿದ್ದಿಕೊಳ್ಳುವ ಅವಕಾಶ ಬೇಕು, ಹೊಟ್ಟೆಪಾಡಿನ ಹೊರಗೆ ಸ್ವಲ್ಪ ಏಕಾಂತ ಬೇಕು. ಸಾಲಕ್ಕೆ ಒತ್ತೆಯಾಗಿ ಹುಟ್ಟಿದವಳಿಗೆ ಇವು ಯಾವುವೂ ಇಲ್ಲ. ಬೆಳ್ಳಿ ಅಂಚಿನಲ್ಲಿ ಉಳಿದದ್ದು ಕಾರಂತರ ಅಲಕ್ಷ್ಯವೋ ಅವರ ನಿಷ್ಠುರ ವಾಸ್ತವಪ್ರಜ್ಞೆಯೋ ಎಂದು ವಾದಿಸಬಹುದು. ಎರಡನೆಯದೆಂದು ನಾನು ತಿಳಿಯುತ್ತೇನೆ, ಏಕೆಂದರೆ ಕಾದಂಬರಿಯಲ್ಲಿ ತೀರ್ಮಾನಗಳ ನಿಜವಾದ ಬೆಲೆ ತೆರುವವಳು ಚೋಮನಿಗಿಂತ ಹೆಚ್ಚಾಗಿ ಅವಳೇ.

ಇದಕ್ಕಿಂತ ಬಲವಾದ ಆಕ್ಷೇಪ ಕುವೆಂಪು ಅವರಿಂದ ಬರುತ್ತದೆ. ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಚಿನ್ನಮ್ಮ ತಾಯಿಯಿಲ್ಲದ ಹುಡುಗಿ, ಅಜ್ಜಿಯ ಮಡಿಲಲ್ಲಿ ಬೆಳೆದವಳು. ತಂದೆ ಗೊತ್ತುಮಾಡಿದ ಮದುವೆಯಿಂದ ತಪ್ಪಿಸಿಕೊಂಡು ಅವಳು ಕಾಡು ಸೇರುವಾಗ ಜೊತೆಗೆ ನಿಲ್ಲುವವರು ಘಟ್ಟದ ಕೆಳಗಿನಿಂದ ಕೂಲಿಗೆ ಬಂದ ಐತ ಮತ್ತು ಪೀಂಚಲು. ಒಕ್ಕಲಿಗರ ದೊಡ್ಡ ಮನೆಯ ಮಗಳು ಆಳುಮಗಳ ಆಸರೆಯಲ್ಲಿ, ಅವಳ ಮಾತಿನ ಧೈರ್ಯದಲ್ಲಿ ಉಳಿಯುತ್ತಾಳೆ. ಜಾತಿಯ ಗೆರೆ ದಾಟಿದ ಅಕ್ಕತನ ಕನ್ನಡದಲ್ಲಿ ಎಲ್ಲಾದರೂ ಇದ್ದರೆ ಅದು ಇಲ್ಲಿದೆ, ಅದನ್ನು ನಾನು ಒಪ್ಪುತ್ತೇನೆ. ಗಮನಿಸಬೇಕಾದದ್ದು ಅದು ಎಲ್ಲಿ ನಡೆಯುತ್ತದೆ ಎಂಬುದು: ಹುಲಿಕಲ್ಲು ನೆತ್ತಿಯ ಕಾಡಿನಲ್ಲಿ. ಚಿನ್ನಮ್ಮನ ಮನೆಯಲ್ಲೂ ಅಲ್ಲ, ಪೀಂಚಲುವಿನ ಬಿಡಾರದಲ್ಲೂ ಅಲ್ಲ. ಮನೆಯೆಂಬ ಕಟ್ಟಡವನ್ನೇ ಹಿಂದೆ ಬಿಟ್ಟ ಮೇಲಷ್ಟೇ ಆ ಇಬ್ಬರು ಹೆಂಗಸರು ಸಮನಾಗಿ ಕೂರಬಲ್ಲರು. ಕಾದಂಬರಿ ಚಿನ್ನಮ್ಮನನ್ನು ಕೊನೆಗೆ ಮುಕುಂದಯ್ಯನಿಗೆ, ಅಂದರೆ ಸ್ವಜಾತಿಯ ಮನೆಗೇ, ಒಪ್ಪಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿನಲ್ಲಿ ಇದಕ್ಕಿಂತ ಬೇರೆ ನಡೆಯುವಂತಿರಲಿಲ್ಲ. ಮಲೆನಾಡಿನ ಹೆಗ್ಗಡೆ ಮನೆಗಳಲ್ಲಿ ಆಳುಗಳು ಒಳಗೆ ಹೊರಗೆ ಓಡಾಡುತ್ತಿರಲಿಲ್ಲವೇ ಎಂದರೆ, ಓಡಾಡುತ್ತಿದ್ದರು. ಆದರೆ ಅದೇ ಕಾದಂಬರಿಯ ನಾಯಿಗುತ್ತಿಯಂಥ ಹೊಲೆಯರ ಆಳು ಎಲ್ಲಿ ನಿಂತು ಯಜಮಾನನೊಡನೆ ಮಾತಾಡಬೇಕಿತ್ತು ಎಂಬುದನ್ನು ಕುವೆಂಪು ಮರೆಯುವುದಿಲ್ಲ.

ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಇನ್ನೊಂದು ಕವಲು. ತಾಯಿಯಿಲ್ಲದ ಹುಡುಗಿ ಮಲತಾಯಿಯ ಕೈಯಲ್ಲಿ ನಲುಗಿ ಮನಸ್ಸಿನ ಆರೋಗ್ಯ ಕಳೆದುಕೊಳ್ಳುವ ಈ ಕಥೆಯನ್ನು ಪುಟ್ಟಣ್ಣ ಕಣಗಾಲ್ 1966ರಲ್ಲಿ ಮಲಯಾಳದಲ್ಲಿ ‘ಪೂಚ್ಚಕ್ಕಣ್ಣಿ’ಯಾಗಿ ತೆರೆಗೆ ತಂದರು. ಒಂದೇ ಜಾತಿಯ, ಒಂದೇ ಸೂರಿನ ಒಳಗಿನ ಕ್ರೌರ್ಯ ಅದು. ಹೊರಗಿನ ಸಮಾಜದ ಗೋಡೆಗಳು ಅದರಲ್ಲಿ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಐವತ್ತರ ದಶಕದ ಮಧ್ಯಮವರ್ಗದ ಮಹಿಳಾ ಕಾದಂಬರಿ ಒಳಮನೆಯನ್ನು ಅಷ್ಟು ಸೂಕ್ಷ್ಮವಾಗಿ ಬಗೆದು ನೋಡಿಯೂ, ಆ ಒಳಮನೆಗೆ ಯಾರು ಬರುವಂತಿಲ್ಲ ಎಂಬ ಪ್ರಶ್ನೆಯನ್ನು ಬಹುಮಟ್ಟಿಗೆ ಕೇಳಲಿಲ್ಲ.

ಇಷ್ಟಕ್ಕೂ ಜಾತಿಯನ್ನು ಜನಾಂಗಭೇದದ ಪಕ್ಕ ಇಟ್ಟು ಅಳೆಯುವುದೇ ತಪ್ಪು ಎನ್ನುವವರಿದ್ದಾರೆ. ಅವರ ಬೆನ್ನಿಗೆ ಅಂಬೇಡ್ಕರರೇ ಇದ್ದಾರೆ: ಪಂಜಾಬಿನ ಬ್ರಾಹ್ಮಣನಿಗೂ ಪಂಜಾಬಿನ ಅಸ್ಪೃಶ್ಯನಿಗೂ ಜನಾಂಗದ ವ್ಯತ್ಯಾಸವಿಲ್ಲ ಎಂದು ಅವರು 1936ರ ‘ಜಾತಿ ವಿನಾಶ’ದಲ್ಲಿ ವಾದಿಸಿದರು. ಅದೇ ಅಂಬೇಡ್ಕರ್ 1946ರಲ್ಲಿ ಕರಿಯರ ಚಿಂತಕ ಡಬ್ಲ್ಯು.ಇ.ಬಿ. ಡುಬೋಯ್ಸ್‌ಗೆ ಪತ್ರ ಬರೆದು ಎರಡೂ ಜನರ ಸ್ಥಿತಿಯ ಹೋಲಿಕೆಯನ್ನು ಗುರುತಿಸಿದರು. ಹುಟ್ಟಿನ ಕಾರಣ ಬೇರೆ, ಬದುಕಿನ ಮೇಲಿನ ಪರಿಣಾಮ ಹತ್ತಿರದ್ದು ಎಂಬ ಈ ವಿವೇಕವೇ ಸಾಹಿತ್ಯದ ತುಲನೆಗೂ ಸಾಕು. ಎರಡೂ ಒಂದೇ ಆಗಿದ್ದರೆ ಅಡುಗೆಮನೆಯ ವ್ಯತ್ಯಾಸ ನಮಗೆ ಕಾಣುತ್ತಲೇ ಇರಲಿಲ್ಲ. ಕರ್ನಾಟಕದಲ್ಲಿ ಈ ಎರಡೂ ಒಂದೇ ಮೈಮೇಲೆ ಬೀಳುವ ಜನರಿದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲಾ ಸುತ್ತಲಿನ ಸಿದ್ದಿಯರು ಆಫ್ರಿಕಾ ಮೂಲದವರು. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. ಎಂಬತ್ತರ ದಶಕದಲ್ಲಿ ನೀನಾಸಮ್ ಮಂಚಿಕೇರಿಯ ಸಿದ್ದಿಯರೊಡನೆ ಚಿನುವ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯನ್ನು ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ‘ಕಪ್ಪು ಜನ ಕೆಂಪು ನೆರಳು’ ಎಂದು ರಂಗಕ್ಕೆ ತಂದಿತು. ತಮ್ಮ ಬಣ್ಣವನ್ನು ತಾವೇ ವೇದಿಕೆಯ ಮೇಲೆ ಹೇಳಿಕೊಳ್ಳುವ ಅವಕಾಶ ಅವರಿಗೆ ನಾಟಕದಿಂದ ಬಂತೇ ಹೊರತು ಕಾದಂಬರಿಯಿಂದಲ್ಲ. ನಾಟಕ ತಂಡಕ್ಕೆ ಬಿಡಾರ ಸಾಕು, ಕಾದಂಬರಿಗೆ ಮನೆ ಬೇಕು.

ಮನೆ ತೆರೆಯದಿದ್ದಲ್ಲಿ ಸಂಸ್ಥೆ ತೆರೆಯಿತು, ಅದನ್ನು ದಲಿತ ಆತ್ಮಕಥನಗಳು ದಾಖಲಿಸಿವೆ. ಸಿದ್ಧಲಿಂಗಯ್ಯನವರ ‘ಊರು ಕೇರಿ’ಯಲ್ಲಿ ಬೆಂಗಳೂರಿನ ಶ್ರೀರಾಂಪುರದ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್ ಊಟ, ಗೆಳೆತನ, ತುಂಟತನ, ರಾಜಕೀಯ ಎಲ್ಲವನ್ನೂ ಕೊಡುವ ಕುಟುಂಬವಾಗುತ್ತದೆ. ಬೆಳ್ಳಿಗೆ ಸಿಗದ ಕಾಲಾವಕಾಶ ಇಲ್ಲಿ ಸಿಕ್ಕಿದೆ. ಆದರೆ ಇದೂ ಹುಡುಗರ ಹಾಸ್ಟೆಲ್ಲು. ಗುರುವನಿಗೆ ಸಿಕ್ಕದ್ದು ಬೆಳ್ಳಿಗೆ ಸಿಗದ ಹಳೆಯ ಹಂಚಿಕೆ ಹೊಸ ಕಟ್ಟಡದಲ್ಲೂ ಬಹುಕಾಲ ಮುಂದುವರಿಯಿತು.

ಶ್ರೀರಾಂಪುರದಿಂದ ಉತ್ತರಕ್ಕೆ ಬಂದರೆ ಇಂದಿನ ಯಶವಂತಪುರ, ಹೆಬ್ಬಾಳ, ಆರ್.ಟಿ. ನಗರ, ಯಲಹಂಕಗಳ ಪಿ.ಜಿ.ಗಳಲ್ಲಿ ಈ ಕಥೆಯ ಹಳೆಯ ಅಡ್ಡಿ ಅರ್ಧ ಕರಗಿದೆ. ಅಲ್ಲಿ ಅನ್ನ ಬೇಯಿಸುವವರ ಜಾತಿಯನ್ನು ಉಣ್ಣುವವರು ಕೇಳುವುದಿಲ್ಲ, ಪಕ್ಕದ ಮಂಚದವಳ ಊರು ಯಾವುದಾದರೂ ಆಗಬಹುದು. ಆದರೆ ತಡೆ ಅಡುಗೆಮನೆಯಿಂದ ಬೀದಿಗೆ, ಬಾಡಿಗೆ ಮನೆಯ ಬಾಗಿಲಿಗೆ ಬಂದು ನಿಂತಿದೆ. 2012ರ ಆಗಸ್ಟಿನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು. 2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆಯಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಸ್ಥಳೀಯ ಮಹಿಳೆ ಸತ್ತ ಮೇಲೆ, ಆ ಅಪಘಾತಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಎರಗಿತು. ಇದು ಜನಾಂಗದ್ವೇಷವಲ್ಲ, ಅಪಘಾತಕ್ಕೆ ಬಂದ ಪ್ರತಿಕ್ರಿಯೆ ಎಂದು ಅಂದಿನ ಗೃಹಸಚಿವ ಜಿ. ಪರಮೇಶ್ವರ ಹೇಳಿದರು. ಸಂಬಂಧವಿಲ್ಲದವಳನ್ನು ಸಂಬಂಧಪಟ್ಟವಳೆಂದು ಗುಂಪಿಗೆ ತೋರಿಸಿದ್ದು ಅವಳ ಬಣ್ಣವಲ್ಲದೆ ಬೇರೇನು ಎಂಬುದಕ್ಕೆ ಆ ವಿವರಣೆಯಲ್ಲಿ ಉತ್ತರವಿಲ್ಲ. ಕನ್ನಡದಲ್ಲಿ ಅಮೆರಿಕದ ಆ ಮನೆಯ ಕಥೆಯನ್ನು ಬರೆಯುವ ಸಾಮಗ್ರಿ ಮೊದಲ ಬಾರಿಗೆ ಒದಗಿರುವುದು ಈ ಭಾಗದಲ್ಲೇ ಇರಬೇಕು. ಬರೆಯುವವರು ಲಿಲಿಯ ಕಥೆಯ ನಕಲಿಗೆ ಹೋಗುವ ಮೊದಲು ಒಂದನ್ನು ಇತ್ಯರ್ಥ ಮಾಡಿಕೊಳ್ಳಬೇಕಾಗುತ್ತದೆ: ಪ್ರೀತಿ ಪಡೆದು ಬೆಳೆಯುವವಳು ಮನೆಯ ಮಾಲೀಕರ ಮಗಳೋ, ಬಾಡಿಗೆಗೆ ಮನೆ ಕೇಳಿ ಬಂದವಳೋ. ಅಮೆರಿಕದ ಆ ಎರಡೂ ಪುಸ್ತಕಗಳಲ್ಲಿ ಬೆಳೆದದ್ದು ಬಿಳಿಯ ಹುಡುಗಿ, ಬೆಳೆಸಿದ್ದು ಕಪ್ಪು ಹೆಂಗಸರು.