ಪುಣೆಯಲ್ಲಿ ಐರಿಸ್ ಅರಳುತ್ತದೆಯೇ? ಗೆಡ್ಡೆ ಕೊಳ್ಳುವ ಮುನ್ನ ಚಳಿ, ಬಿಸಿಲು, ನೀರಿನ ಲೆಕ್ಕ ತಿಳಿಯಿರಿ

ಪುಣೆ: ನೀಲಿ, ನೇರಳೆ ಬಣ್ಣದ ಐರಿಸ್ ಹೂವಿನ ಚಿತ್ರ ನೋಡಿ ಆನ್‌ಲೈನ್‌ನಲ್ಲಿ ಗೆಡ್ಡೆ ತರಿಸಿಕೊಳ್ಳುವವರು ಹಲವರು. ನೆಟ್ಟ ಮೇಲೆ ಎಲೆ ಹುಲುಸಾಗಿ ಬರುತ್ತದೆ, ಆದರೆ ಹೂವು ಬರುವುದಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಗೆಡ್ಡೆಯೂ ಕೊಳೆತಿರುತ್ತದೆ. ಇದಕ್ಕೆ ಆರೈಕೆಯ ಕೊರತೆಯೊಂದೇ ಕಾರಣವಲ್ಲ, ಊರಿನ ಹವಾಮಾನದ ಪಾಲೂ ದೊಡ್ಡದು.

ಚಳಿ ಏಕೆ ಬೇಕು?

ಹೆಚ್ಚಾಗಿ ಮಾರಾಟವಾಗುವ 'ಬಿಯರ್ಡೆಡ್ ಐರಿಸ್' ಶೀತ ಪ್ರದೇಶದ ಗಿಡ. ಚಳಿಗಾಲದಲ್ಲಿ ಹಲವು ವಾರ ಚೆನ್ನಾಗಿ ತಂಪು ಸಿಕ್ಕರೆ ಮಾತ್ರ ವಸಂತದಲ್ಲಿ ಸರಿಯಾಗಿ ಹೂ ಬಿಡುತ್ತದೆ. ಕಾಶ್ಮೀರದಲ್ಲಿ ಐರಿಸ್ ಸಲೀಸಾಗಿ ಅರಳುವುದು ಇದೇ ಕಾರಣಕ್ಕೆ. ಪುಣೆ ಇರುವುದು ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ. ಇಲ್ಲಿ ಡಿಸೆಂಬರ್, ಜನವರಿಯ ರಾತ್ರಿ ತಾಪಮಾನ 11-12 ಡಿಗ್ರಿ ಆಸುಪಾಸಿಗೆ ಇಳಿದರೂ ಹಗಲಿನಲ್ಲಿ 30 ಡಿಗ್ರಿ ಹತ್ತಿರವಿರುತ್ತದೆ. ಗಿಡಕ್ಕೆ ಈ ಚಳಿ ಸಾಲದು.

ಬಿಸಿಲು ಎಷ್ಟಿರಬೇಕು?

ಐರಿಸ್‌ಗೆ ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು. ನೆರಳಿನಲ್ಲಿಟ್ಟರೆ ಎಲೆಯಷ್ಟೇ ಬೆಳೆಯುತ್ತದೆ. ಆದರೆ ಪುಣೆಯ ಏಪ್ರಿಲ್-ಮೇ ಬಿಸಿಲು ಬೇರೆ. ತಾಪಮಾನ 37-38 ಡಿಗ್ರಿ ದಾಟುವ ದಿನಗಳಲ್ಲಿ ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಿಗುವ ಜಾಗವೇ ಒಳ್ಳೆಯದು.

ಮಳೆಗಾಲದಲ್ಲೇ ಅಪಾಯ

ಪುಣೆಯ ವಾರ್ಷಿಕ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಕಪ್ಪು ಮಣ್ಣು ಆ ನೀರನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಬಿಸಿ ಮತ್ತು ತೇವ ಒಟ್ಟಿಗಿದ್ದರೆ ಗೆಡ್ಡೆಗೆ ಬ್ಯಾಕ್ಟೀರಿಯಾ ತಗುಲಿ, ಮೆತ್ತಗಾಗಿ ದುರ್ವಾಸನೆ ಬರುತ್ತದೆ. ಹೀಗಾಗಿ ಎತ್ತರದ ಮಡಿಯಲ್ಲಿ, ಮರಳು ಬೆರೆಸಿದ ಮಣ್ಣಿನಲ್ಲಿ ನೆಡಬೇಕು. ಗೆಡ್ಡೆಯ ಮೇಲ್ಭಾಗ ಮಣ್ಣಿನಿಂದ ಹೊರಗೆ ಕಾಣುವಂತಿರಲಿ. ಕುಂಡವಾದರೆ ಮಳೆಗಾಲದಲ್ಲಿ ಸೂರಿನಡಿ ಇಡಿ. ಮೇಲ್ಮಣ್ಣು ಒಣಗಿದ ನಂತರವೇ ನೀರು ಹಾಕಿ.

ಹಾಗಾದರೆ ಏನು ನೆಡಬಹುದು?

ಐರಿಸ್ ಕುಟುಂಬದ್ದೇ ಆದ ಗ್ಲಾಡಿಯೋಲಸ್ ಈ ಭಾಗಕ್ಕೆ ಚೆನ್ನಾಗಿ ಹೊಂದುತ್ತದೆ. ಪುಣೆಯ ಗಣೇಶ್‌ಖಿಂಡ್ ಸಂಶೋಧನಾ ಕೇಂದ್ರದಿಂದ 'ಫುಲೆ ಗಣೇಶ್'ನಂಥ ತಳಿಗಳು ಬಂದಿವೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ 'ಮೀರಾ', 'ಶೋಭಾ', 'ಪೂನಂ' ತಳಿಗಳನ್ನು ನೀಡಿದೆ. ಮಳೆ ಕಡಿಮೆಯಾದ ಮೇಲೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಗೆಡ್ಡೆ ನೆಟ್ಟರೆ ತಳಿಗೆ ತಕ್ಕಂತೆ ಸುಮಾರು ಎರಡರಿಂದ ಮೂರೂವರೆ ತಿಂಗಳಲ್ಲಿ ಹೂವು ಸಿಗುತ್ತದೆ. ನಾಲ್ಕೈದು ಎಲೆ ಮೂಡಿದಾಗಿನಿಂದ ಹೂವಿನ ಕಡ್ಡಿ ಹೊರಬರುವವರೆಗೆ ನೀರು ತಪ್ಪಬಾರದು, ಬಿಸಿಲೂ ಕಡಿಮೆಯಾಗಬಾರದು. ಎರಡರಲ್ಲಿ ಒಂದು ಕೊರತೆಯಾದರೂ ಕಡ್ಡಿ ಹೊರಬರದೇ ಹೋಗಬಹುದು.

ಬಾಲ್ಕನಿಯಲ್ಲಿ ನೆರಳು ಹೆಚ್ಚಿದ್ದರೆ 'ವಾಕಿಂಗ್ ಐರಿಸ್' ಆರಿಸಿಕೊಳ್ಳಿ, ಅದಕ್ಕೆ ಚಳಿ ಬೇಕಿಲ್ಲ. ಬಿಸಿಲಿನ ಜಾಗವಿದ್ದರೆ ಕಿತ್ತಳೆ ಬಣ್ಣದ, ಚುಕ್ಕೆಗಳಿರುವ 'ಬ್ಲಾಕ್‌ಬೆರಿ ಲಿಲಿ' ಸೂಕ್ತ. ಹೆಸರಿನಲ್ಲಿ ಲಿಲಿ ಎಂದಿದ್ದರೂ ಸಸ್ಯಶಾಸ್ತ್ರದ ಪ್ರಕಾರ ಅದೂ ಐರಿಸ್ ಗಿಡವೇ.

ಬೆಳಗಾವಿ, ಧಾರವಾಡದಲ್ಲಿ ಕೈತೋಟ ಮಾಡುವವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಅಲ್ಲಿಯೂ ಚಳಿ ಹಿತಮಿತ, ಕಪ್ಪು ಮಣ್ಣಿದ್ದರೆ ನೀರು ನಿಲ್ಲುವ ಭಯವೂ ಇದೆ. ಗೆಡ್ಡೆಗೆ ಹಣ ಕೊಡುವ ಮುನ್ನ ಅದು ಯಾವ ಬಗೆಯ ಐರಿಸ್, ಅದಕ್ಕೆ ಚಳಿ ಬೇಕೇ ಎಂದು ಮಾರಾಟಗಾರರನ್ನು ಕೇಳಿ ತಿಳಿದುಕೊಳ್ಳಿ.